ಗೆರೆ ಎಳೆದವರು ಸಂಗೀತಗಾರ್ತಿಯೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಡ್ಯಾಫ್ನಿ ಓರಮ್ ಬಗ್ಗೆ ಬರೆದಿದ್ದೀರಿ. ಕರ್ನಾಟಕ ಸಂಗೀತ ಕಲಿತ ನನ್ನ ಪ್ರಶ್ನೆ: ಫಿಲ್ಮಿನ ಮೇಲೆ ಗೆರೆ ಗೀಚಿ ಯಂತ್ರಕ್ಕೆ ಕೊಟ್ಟರೆ ಹೊರಡುವ ಸದ್ದು ಸಂಗೀತವೇ? ಎಂಜಿನಿಯರ್ ಎನ್ನಿ, ಒಪ್ಪುತ್ತೇನೆ. ತಾವೇ ಕಟ್ಟಿದ ವಿಭಾಗವನ್ನು ವರ್ಷದೊಳಗೆ ಬಿಟ್ಟುಹೋದವರನ್ನು ಇಷ್ಟು ಹೊಗಳುವುದೇಕೆ? (ಶಿವಮೊಗ್ಗದ ಓದುಗರು)

ಮಾನ್ಯರೇ,

ನಿಮ್ಮ ಪತ್ರದ ಖಾರ ಹಿಡಿಸಿತು. ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

1942ರಲ್ಲಿ ಓರಮ್ ಅವರಿಗೆ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸೀಟು ಸಿಕ್ಕಿತ್ತು. ಅದನ್ನು ಬಿಟ್ಟು ಬಿಬಿಸಿಯಲ್ಲಿ ಕಿರಿಯ ಸ್ಟುಡಿಯೊ ಎಂಜಿನಿಯರ್ ಆದರು. ಮುಂದೆ ಟೇಪ್ ರೆಕಾರ್ಡರುಗಳು ಬಂದಾಗ, ಕೆಲಸದ ಹೊತ್ತು ಮುಗಿದ ಮೇಲೆ ಅವನ್ನೆಲ್ಲ ಒಂದೆಡೆ ಎಳೆದು ತಂದು, ರಾತ್ರಿಯೆಲ್ಲ ಪ್ರಯೋಗ ಮಾಡಿ, ಬೆಳಗಾಗುವುದರೊಳಗೆ ಇದ್ದಲ್ಲೇ ಇಡುತ್ತಿದ್ದರು. ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ 1958ರಲ್ಲಿ ಬಿಬಿಸಿಯ ಎಲೆಕ್ಟ್ರಾನಿಕ್ ಸದ್ದುಗಳ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪ್ ಶುರುವಾಯಿತು. ಡೆಸ್ಮಂಡ್ ಬ್ರಿಸ್ಕೋ ಜೊತೆಗಾರರು. ಆದರೆ ಬಿಬಿಸಿಗೆ ಬೇಕಿದ್ದುದು ನಾಟಕಗಳಿಗೆ ಹೊಂದುವ ಸದ್ದು, ಸಂಗೀತವಲ್ಲ. ಅದೇ ವರ್ಷ ಬ್ರಸೆಲ್ಸ್ ವಿಶ್ವಮೇಳದಲ್ಲಿ ಯುರೋಪಿನ ಸಂಯೋಜಕರು ಟೇಪಿನಲ್ಲಿ ಏನೇನು ಮಾಡುತ್ತಿದ್ದಾರೆಂದು ಕಂಡುಬಂದವರು 1959ರಲ್ಲಿ ರಾಜೀನಾಮೆ ಕೊಟ್ಟರು. ತಿಂಗಳ ಸಂಬಳ ಬಿಟ್ಟು ಕೆಂಟ್‌ನ ಹಳ್ಳಿಯೊಂದರಲ್ಲಿ, ಹಿಂದೆ ಬಿಯರಿಗೆ ಬಳಸುವ ಹಾಪ್ಸ್ ಹೂ ಒಣಗಿಸುತ್ತಿದ್ದ ಗೂಡುಮನೆಯಲ್ಲಿ ಸ್ಟುಡಿಯೊ ಹೂಡಿದರು. ಇದು ಅರ್ಧಕ್ಕೆ ಕೈಬಿಟ್ಟವರ ಲಕ್ಷಣವೆಂದು ನನಗೆ ತೋರುವುದಿಲ್ಲ. ಖರ್ಚಿಗೆ ಜಾಹೀರಾತುಗಳ ಸದ್ದು ಮಾಡಿಕೊಟ್ಟರು, ಪಾಠ ಹೇಳಿದರು.

ಇನ್ನು ಆ ಗೆರೆಗಳು. 1962ರಲ್ಲಿ ಗುಲ್ಬೆಂಕಿಯನ್ ಪ್ರತಿಷ್ಠಾನದ ಧನಸಹಾಯ ಸಿಕ್ಕಮೇಲೆ ಅವರ ಯಂತ್ರ ರೂಪು ತಳೆಯಿತು. 35 ಮಿಲಿಮೀಟರಿನ ಹತ್ತು ಪಾರದರ್ಶಕ ಫಿಲ್ಮ್ ಪಟ್ಟಿಗಳು ಒಂದೇ ವೇಗದಲ್ಲಿ ಸರಿಯುತ್ತವೆ. ಅವುಗಳ ಮೇಲೆ ಕೈಯಾರೆ ಕಪ್ಪು ಗುರುತು ಹಾಕಬೇಕು. ಪಟ್ಟಿಯ ಮೇಲೆ ಬೀಳುವ ಬೆಳಕನ್ನು ಆ ಕಪ್ಪು ಎಷ್ಟು ತಡೆಯಿತೆಂದು ದ್ಯುತಿಕೋಶಗಳು, ಅಂದರೆ ಬೆಳಕನ್ನು ವಿದ್ಯುತ್ತಾಗಿಸುವ ಬಿಡಿಭಾಗಗಳು, ಅಳೆಯುತ್ತವೆ. ಆ ಅಳತೆಯೇ ಸದ್ದನ್ನು ಆಳುತ್ತದೆ. ಸ್ವರದ ಎತ್ತರಕ್ಕೆ ಸಣ್ಣ ಸಣ್ಣ ಗುರುತುಗಳು, ಏರಿಳಿಯುವ ದನಿಗೆ ಬಾಗಿದ ಗೆರೆ, ಕಂಪನಕ್ಕೂ ಅದರದೇ ಗೆರೆ. ನಾದದ ಬಣ್ಣವನ್ನು ಬೇರೆ ಗಾಜಿನ ಫಲಕದ ಮೇಲೆ ಬರೆಯಬೇಕು.

ನೀವು ಕರ್ನಾಟಕ ಸಂಗೀತ ಕಲಿತವರೆಂದು ಬರೆದಿದ್ದೀರಿ, ಹಾಗಾಗಿ ಕೇಳುತ್ತೇನೆ: ಪುಸ್ತಕದಲ್ಲಿ ಸರಿಗಮ ಬರೆದಿರುತ್ತದೆ, ಗಮಕ ಎಲ್ಲಿರುತ್ತದೆ? ಗುರುಗಳ ಕಂಠದಲ್ಲಿ. ಓರಮ್ ಬರೆಯಹೊರಟದ್ದು ಹೀಗೆ ಬರಹದಿಂದ ಜಾರಿಹೋಗುವುದನ್ನೇ. ಗುಂಡಿ ಒತ್ತಿದರೆ ಒಂದೇ ಹದದಲ್ಲಿ ಹೊರಡುವ ಸದ್ದು ಅವರಿಗೆ ಬೇಕಿರಲಿಲ್ಲ; ಕೈಯ ಅಳುಕೂ ಅದರಲ್ಲಿ ಕೇಳಬೇಕಿತ್ತು. (ಯಂತ್ರದ ಸದ್ದು ಬೇಡವೆನ್ನುವ ನಿಮ್ಮ ಮನೆಯಲ್ಲಿ ಬೆಳಗಿನ ಸಾಧಕಕ್ಕೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಲ್ಲವೆಂದು ಆಣೆ ಮಾಡುತ್ತೀರಾ?)

ಎಂಜಿನಿಯರ್ ಎಂಬ ಮಾತಿನಲ್ಲಿ ನಿಮ್ಮದು ಅರ್ಧ ಸರಿ. ಕಲ್ಪನೆ, ವಿನ್ಯಾಸ ಓರಮ್ ಅವರದು. ಆದರೆ ಅದನ್ನು ವಿದ್ಯುನ್ಮಂಡಲಗಳಲ್ಲಿ ಸಾಧಿಸಿಕೊಟ್ಟವರು ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿದ್ದ ಗ್ರಹಾಂ ರೆಂಚ್. ನಮ್ಮ ಲೇಖನದಲ್ಲಿ ಅವರ ಹೆಸರು ಬರಬೇಕಿತ್ತು. ಯಂತ್ರಕ್ಕೆ ಮಿತಿಗಳೂ ಇದ್ದವು: ಒಮ್ಮೆಗೆ ಒಂದೇ ದನಿ, ಹಲವು ದನಿ ಬೇಕಾದರೆ ಟೇಪಿನಲ್ಲಿ ಪದರ ಪದರವಾಗಿ ಕೂಡಿಸಬೇಕು. ಮಾರುಕಟ್ಟೆಗೆ ಅದು ಬರಲೇ ಇಲ್ಲ. ಇಂದು ಲಂಡನ್ನಿನ ಸೈನ್ಸ್ ಮ್ಯೂಸಿಯಂನ ಸಂಗ್ರಹದಲ್ಲಿದೆ, ನುಡಿಸುವ ಸ್ಥಿತಿಯಲ್ಲಿಲ್ಲ. ಕೇಳಿ ನೋಡುವ ಮನಸ್ಸಿದ್ದರೆ 1965ರ ‘ಪಲ್ಸ್ ಪರ್ಸೆಫೋನಿ’ಯಿಂದ ಶುರು ಮಾಡಿ. ಮೊದಲ ಸಲಕ್ಕೆ ನನಗೂ ರುಚಿಸಿರಲಿಲ್ಲ.

ಕಡೆಗೊಂದು ತಪ್ಪೊಪ್ಪಿಗೆ. ಅವರ ‘ಸ್ಟಿಲ್ ಪಾಯಿಂಟ್’ 1949ರಲ್ಲಿ ಪ್ರದರ್ಶನಗೊಂಡಿತೆಂದು ನಾವು ಅಚ್ಚುಹಾಕಿದ್ದೆವು. ಆ ವರ್ಷ ಅದು ರಚನೆಯಾಯಿತು, ಅಷ್ಟೇ. ಎರಡು ವಾದ್ಯವೃಂದಗಳು, ಜೊತೆಗೆ ಮೈಕು ಮತ್ತು ಗ್ರಾಮಫೋನ್ ತಟ್ಟೆಗಳಿಗೆಂದು ಆ ‘ಎಂಜಿನಿಯರ್’ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಬರೆದ ಕೃತಿಯನ್ನು ಬಿಬಿಸಿ ತಿರಸ್ಕರಿಸಿತು. ಅದೇ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅದು ಕೇಳಿಬಂದದ್ದು 2018ರಲ್ಲಿ, ಓರಮ್ ತೀರಿಕೊಂಡು ಹದಿನೈದು ವರ್ಷಗಳ ಮೇಲೆ.

– ಸಂ.