ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಪ್ರಶ್ನೆ ಕೇಳುವವರು ಯಾರು?

ಓದುಗರ ಪತ್ರ: ಬೆಂಗಳೂರಿನಲ್ಲಿ ಇಷ್ಟು ವರ್ಷ ಕಾರ್ಪೊರೇಟರ್‌ಗಳಿಲ್ಲದೆ ಏನು ಮುಳುಗಿಹೋಯಿತು? ಕಸದ ಗಾಡಿ ಬಂತು, ತೆರಿಗೆ ಆನ್‌ಲೈನಲ್ಲಿ ಕಟ್ಟಿದೆವು. ಕಮಿಷನ್ ಕೈಗಳಲ್ಲಿ ಒಂದು ಕಡಿಮೆಯಾಯಿತು, ಅಷ್ಟೇ. ನೀವೇಕೆ ಸಂಚಿಕೆ ಸಂಚಿಕೆಗೂ ಪಾಲಿಕೆ ಚುನಾವಣೆ ಎಂದು ಹಟ ಹಿಡಿದಿದ್ದೀರಿ?
– ನಿವೃತ್ತ ಎಂಜಿನಿಯರ್, ರಾಜಾಜಿನಗರ

ಸಂಪಾದಕರ ಉತ್ತರ:

ಮಾನ್ಯರೇ, ಸಿಟ್ಟು ಮುಚ್ಚಿಡದೆ ಬರೆದಿದ್ದೀರಿ, ಸಂತೋಷ. ಕಾರ್ಪೊರೇಟರ್‌ಗಳ ಮೇಲೆ ನಿಮಗಿರುವ ಬೇಸರ ಸುಳ್ಳಲ್ಲ. ಮಾಡದ ಕೆಲಸಕ್ಕೆ ಬಿಲ್ಲು, ಹಾಕದ ಡಾಂಬರಿಗೆ ಹಣ, ಇವನ್ನೆಲ್ಲ ಈ ಊರು ಕಂಡಿದೆ. ಇ-ಖಾತಾದಂತಹ ಕೆಲಸ ಅಧಿಕಾರಿಗಳ ಕಾಲದಲ್ಲೇ ಶುರುವಾದದ್ದೂ ನಿಜ. ನಾನು ಒಪ್ಪುವುದು ಇಲ್ಲಿಯವರೆಗೆ ಮಾತ್ರ.

2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷ, ಅಂದರೆ ಒಂದು ಪಾಲಿಕೆಯ ಪೂರ್ಣಾಯುಷ್ಯ, ಆಡಳಿತಾಧಿಕಾರಿಗಳ ಕೈಯಲ್ಲೇ ಕಳೆಯಿತು. 2025ರ ಬಜೆಟ್ ಇಪ್ಪತ್ತು ಸಾವಿರ ಕೋಟಿ ರೂಪಾಯಿಯ ಹತ್ತಿರಕ್ಕೆ ಬಂದಿತ್ತು. ಅದನ್ನು ಮಂಡಿಸಿದವರು ಅಧಿಕಾರಿಗಳು, ಒಪ್ಪಿದವರೂ ಅಧಿಕಾರಿಗಳು. ‘ನಮ್ಮ ವಾರ್ಡಿನ ರಾಜಕಾಲುವೆಗೆ ಇಷ್ಟೇ ಏಕೆ?’ ಎಂದು ಎದ್ದು ನಿಂತು ಕೇಳಲು ಒಬ್ಬ ಸದಸ್ಯನಿರಲಿಲ್ಲ. ನೀವು ಎಂಜಿನಿಯರ್ ಆಗಿದ್ದವರು. ಅಂದಾಜುಪಟ್ಟಿ ಬರೆದವನೇ ಅಳತೆ ಪುಸ್ತಕಕ್ಕೂ ರುಜು ಹಾಕಿ ಬಿಲ್ಲನ್ನೂ ಪಾಸು ಮಾಡಿದರೆ ನೀವು ಸುಮ್ಮನಿರುತ್ತಿದ್ದಿರಾ?

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು. ಐದರ ಮೇಲೊಂದು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಐದು ಒಳ್ಳೆಯದೋ ಒಂದು ಒಳ್ಳೆಯದೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಒಂದು ಮಹಾನಗರವನ್ನು ಐದು ಪಾಲು ಮಾಡುವಾಗ ‘ಬೇಕು’ ‘ಬೇಡ’ ಎನ್ನಲು ಆ ನಗರದ ಕೌನ್ಸಿಲ್ಲೇ ಇರಲಿಲ್ಲವಲ್ಲ! ಹಿರಿಯರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಆಸ್ತಿ ಪಾಲಾದ ಹಾಗಾಯಿತು.

ಚುನಾವಣೆ ತಡವಾದದ್ದಕ್ಕೆ ಹೇಳಿದ ಕಾರಣಗಳನ್ನೂ ನೆನಪಿಸಿಕೊಳ್ಳಿ. ವಾರ್ಡುಗಳು 198 ಇದ್ದವು. ಅದು 243 ಆಯಿತು, ಸರ್ಕಾರ ಬದಲಾದಮೇಲೆ 225 ಆಯಿತು, ಈಗ ಐದೂ ಪಾಲಿಕೆ ಸೇರಿ 369. ಪ್ರತಿ ಸಲವೂ ಹೊಸ ಗಡಿ, ಹೊಸ ಮೀಸಲಾತಿ ಪಟ್ಟಿ, ಹೊಸ ಆಕ್ಷೇಪಣೆ, ಮತ್ತೆ ಕೋರ್ಟು. ಇದರಲ್ಲಿ ಯಾವ ಪಕ್ಷವೂ ಕೈ ತೊಳೆದುಕೊಳ್ಳುವಂತಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. 1993ರಲ್ಲಿ ಜಾರಿಯಾದ 74ನೇ ತಿದ್ದುಪಡಿ ಅದನ್ನು ಸೇರಿಸಿದ್ದೇ ರಾಜ್ಯ ಸರ್ಕಾರಗಳು ನಗರಸಭೆಗಳನ್ನು ವರ್ಷಗಟ್ಟಲೆ ಬರ್ಖಾಸ್ತು ಮಾಡಿ ಇಡುತ್ತಿದ್ದುದರಿಂದ. ಗಡಿ ಗುರುತಿಸುವ ನೆಪದಲ್ಲಿ ಚುನಾವಣೆ ಮುಂದೂಡಬಾರದೆಂದು ಸುಪ್ರೀಂ ಕೋರ್ಟು 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು.

ಕಾರ್ಪೊರೇಟರ್ ಎಂದರೆ ಕಮಿಷನ್ ಎಂದಷ್ಟೇ ತಿಳಿದವರಿಗೆ ನಮ್ಮೂರಿನ ಒಬ್ಬ ಪುರಸಭಾ ಸದಸ್ಯೆಯ ವಿಚಾರ ಹೇಳಬೇಕು. ಓದಿದ್ದು ಕಡಿಮೆ. ಮಹಿಳಾ ಮೀಸಲಿನಲ್ಲಿ ಗೆದ್ದವರು. ನೀರು ಬಿಡದ ದಿನ ಬೆಳಿಗ್ಗೆಯೇ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದರು. ಆಕೆ ಸೆರಗು ಸಿಕ್ಕಿಸಿಕೊಂಡು ವಾಲ್ವ್‌ಮ್ಯಾನನ ಮನೆಗೆ ನಡೆಯುತ್ತಿದ್ದರು. ನೀರು ಬರುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಈಗ ಕೊಡ ಹಿಡಿದು ಹೋಗಲು ಯಾರ ಬಾಗಿಲಿದೆ? ಆ್ಯಪ್‌ನಲ್ಲಿ ದೂರು ಕೊಡುತ್ತೇವೆ, ‘ಪರಿಹರಿಸಲಾಗಿದೆ’ ಎಂದು ಸಂದೇಶ ಬರುತ್ತದೆ, ಗುಂಡಿ ಅಲ್ಲೇ ಇರುತ್ತದೆ. ಅಧಿಕಾರಿಗೆ ವರ್ಗವಾದರೆ ಲೆಕ್ಕ ಮುಗಿಯಿತು. ಸದಸ್ಯೆ ಮರುದಿನವೂ ಅದೇ ಕೇರಿಯಲ್ಲಿ ನಡೆಯಬೇಕು, ಐದು ವರ್ಷಕ್ಕೊಮ್ಮೆ ಅದೇ ಬಾಗಿಲುಗಳಲ್ಲಿ ನಿಲ್ಲಬೇಕು. ಇಂಥ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರದ್ದು ಎಂಬುದನ್ನೂ ಮರೆಯಬೇಡಿ. ಚುನಾವಣೆ ತಪ್ಪಿದಾಗ ಮೊದಲು ಹೊರಗುಳಿಯುವವರು ಅವರು. ವಿಧಾನಸೌಧದಲ್ಲಿ ಅವರಿಗೆ ಅಷ್ಟು ಕುರ್ಚಿ ಯಾರೂ ಇಟ್ಟಿಲ್ಲ.

ಈ ನಾಡಿಗೆ ಇದು ಹೊಸ ಪಾಠವೇ? ಎಂಟನೇ ಶತಮಾನದಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಪ್ರಜೆಗಳಿಗೂ ಒಂದು ಆಚಾರವ್ಯವಸ್ಥೆ ಹಾಕಿಕೊಟ್ಟ. ಅರಸನ ಕಡೆಯವರು ಊರವರೊಡನೆ ಹೇಗೆ ನಡೆದುಕೊಳ್ಳಬೇಕು, ಊರವರು ತೆರಬೇಕಾದದ್ದು ಏನು ಎಂಬುದನ್ನು ಕಲ್ಲಿನ ಮೇಲೆ ಕೆತ್ತಿಸಿದ. ಅಷ್ಟು ಹಿಂದಕ್ಕೆ ಹೋಗುವುದೇ ಬೇಡ ಎಂದರೆ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯಿರಿ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ. ಅವರು ದುಡಿದು ತಂದ 1983ರ ಕಾಯ್ದೆಯಿಂದಲೇ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು. ಅದರಲ್ಲಿ ಹೆಂಗಸರಿಗೆ ನಾಲ್ಕನೇ ಒಂದು ಪಾಲು ಇತ್ತು. ದೆಹಲಿಯ ತಿದ್ದುಪಡಿಗೆ ಇನ್ನೂ ಆರು ವರ್ಷ ಬಾಕಿಯಿದ್ದಾಗಲೇ! ಅದೇ ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳಿಗೆ ಒಪ್ಪಿಸಿಬಿಟ್ಟೆವು. ನಮ್ಮ ಶಾಸಕರು ಇದಕ್ಕಾಗಿ ಒಂದು ದಿನವೂ ಕಲಾಪ ನಿಲ್ಲಿಸಿದ್ದನ್ನು ನಾನು ಕಾಣೆ. ಏಕೆ ನಿಲ್ಲಿಸುತ್ತಾರೆ? ಚರಂಡಿಗೆ, ಪಾರ್ಕಿಗೆ, ಬೀದಿದೀಪಕ್ಕೆ ತಮ್ಮ ಮನೆಗೇ ಜನ ಬರಲಿ ಎಂಬುದು ಅವರ ಆಸೆ. ಕಾನೂನು ಮಾಡಬೇಕಾದವರು ಗುದ್ದಲಿಪೂಜೆಗಳಲ್ಲಿ ಕಾಲ ಕಳೆಯುತ್ತಿದ್ದಾರೆ.

ಒಂದು ಕೈ ಕಡಿಮೆಯಾಯಿತು ಎಂದಿರಿ. ಕಮಿಷನ್ ಕಡಿಮೆಯಾಯಿತೇ ಎಂದು ನಿಮ್ಮ ಹಳೆಯ ಗುತ್ತಿಗೆದಾರ ಸ್ನೇಹಿತರನ್ನೇ ಕೇಳಿ. ಅಂದಾಜುಪಟ್ಟಿ ಓದಬಲ್ಲ ನಿಮ್ಮಂಥವರು ಕಾರ್ಪೊರೇಟರ್ ಬೇಡ ಎನ್ನುವ ಬದಲು ವಾರ್ಡ್ ಸಮಿತಿಯಲ್ಲಿ ಕುಳಿತು ಆತನ ಲೆಕ್ಕ ಕೇಳಬೇಕು. ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಮನೆ ಯಾವ ಹೊಸ ವಾರ್ಡಿಗೆ ಬಿದ್ದಿದೆ ನೋಡಿಕೊಳ್ಳಿ. ನಿಮ್ಮ ರಸ್ತೆಯಲ್ಲಿ ಈ ಐದು ವರ್ಷ ನಡೆದ ಕಾಮಗಾರಿಗಳ ವಿವರವನ್ನು ಮಾಹಿತಿ ಹಕ್ಕಿನಡಿ ಪಡೆದು, ಎಂಜಿನಿಯರ್ ಕಣ್ಣಿನಿಂದ ನೋಡಿ ನಮಗೆ ಬರೆಯಿರಿ. ಎಷ್ಟು ಪುಟವಾದರೂ ಸರಿ, ಪ್ರಕಟಿಸುತ್ತೇವೆ.