ತೀರಿಕೊಂಡ ಅಪ್ಪ-ಅಮ್ಮ ಕಥೆಗೆ ಬರುವುದಾದರೆ ಊಟಕ್ಕೆ ಬರಲಿ

ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡ, ಮೂವತ್ತು ನಲವತ್ತರ ವಯಸ್ಸಿನ ಮೂವರು ಒಡಹುಟ್ಟಿದವರ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ ಎಂದಿದ್ದೀರಿ. ತೀರಿಹೋದ ಹೆತ್ತವರು ಮೇಲಿನಿಂದ ಮಕ್ಕಳನ್ನು ನೋಡುತ್ತ ಕಾಯುತ್ತಿರುತ್ತಾರೆ. ಓದಿದ ಸ್ನೇಹಿತರಿಗೆ ಮಾತ್ರ ಅದು ನಂಬುವಂತೆ ಕಾಣಲಿಲ್ಲ. ಎಲ್ಲಿ ತಪ್ಪಿದೆ ಎಂಬುದು ನಿಮ್ಮ ಪ್ರಶ್ನೆ.

ನಾನು ಮೂವರಲ್ಲಿ ಹಿರಿಯವಳು, ನನಗೆ ಇಬ್ಬರು ತಮ್ಮಂದಿರು. ಅಪ್ಪ 2011ರಲ್ಲಿ ಹೋದರು, ಅಮ್ಮ 2016ರಲ್ಲಿ. ಆಗೊಂದು ಈಗೊಂದು ಸಣ್ಣಕಥೆ ಬರೆಯುತ್ತೇನೆ. ಈ ಪ್ರಶ್ನೆ ಓದಿದ ಮೇಲೆ ಎರಡು ದಿನ ಅದು ನನ್ನನ್ನು ಬಿಡಲಿಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಕಾಯುವುದು ಎಂದರೆ ಕಾವಲಿರುವುದು. ದಾರಿ ನೋಡುವುದಕ್ಕೂ ಅದೇ ಮಾತು. ನೀವು ಮೊದಲನೆಯ ಅರ್ಥವನ್ನು ಹಿಡಿದು ಬರೆದಿದ್ದೀರಿ: ಮಗಳನ್ನು ಅಪಘಾತದಿಂದ ಉಳಿಸುವ ಅಪ್ಪ, ಮಗನ ಕನಸಿಗೆ ಬಂದು ಬುದ್ಧಿ ಹೇಳುವ ಅಮ್ಮ. ನಮ್ಮ ಕಡೆಯ ಮನೆಗಳಲ್ಲಿ ತೀರಿಕೊಂಡವರು ಎರಡನೆಯ ಅರ್ಥದಲ್ಲೇ ಹೆಚ್ಚು ಕಾಯುತ್ತಾರೆ. ಮಕ್ಕಳು ಕರೆಯಲಿ ಎಂದು, ಒಂದು ಹಿಡಿ ಅನ್ನ ಇಡಲಿ ಎಂದು. ಹೆತ್ತವರು ಮಕ್ಕಳ ಕೈಯನ್ನು ನೋಡುವ ಸ್ಥಿತಿಗೆ ಬಂದಿದ್ದಾರೆ ಎಂದಾಗ ಕಥೆಯ ತೂಕವೆಲ್ಲ ಮಕ್ಕಳ ಕಡೆಗೆ ವಾಲುತ್ತದೆ. ನಿಮಗೆ ಬೇಕಾದದ್ದು ಅದೇ ಎಂದು ನನಗೆ ಅನ್ನಿಸುತ್ತದೆ.

ಹಾಲು-ತುಪ್ಪದ ದಿನವನ್ನು ನೆನಪಿಸಿಕೊಳ್ಳಿ. ಸಮಾಧಿಯ ಹತ್ತಿರ ಎಡೆ ಇಟ್ಟು ಎಲ್ಲರೂ ದೂರ ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಆಗ ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಹೋಗಿ ಕೈ ಮುಗಿದು ಮಾತು ಕೊಡುತ್ತಾರೆ: ತಂಗಿಯ ಮದುವೆ ಮಾಡುತ್ತೇವೆ, ಸಾಲ ತೀರಿಸುತ್ತೇವೆ, ಮನೆ ಒಡೆಯುವುದಿಲ್ಲ. ಯಾವ ಮಾತಿಗೆ ಕಾಗೆ ಇಳಿಯಿತು ಎಂಬುದು ಆ ಮನೆಯಲ್ಲಿ ಇಪ್ಪತ್ತು ವರ್ಷ ಉಳಿಯುತ್ತದೆ. ಸತ್ತವರು ಒಂದು ಅಕ್ಷರ ಆಡಿಲ್ಲ, ಆದರೂ ಮೂವರ ಮುಂದೆಯೂ ಒಂದು ಮಾತು ನಿಂತಿದೆ. ಕನಸಿನಲ್ಲಿ ಬಂದು ಬುದ್ಧಿ ಹೇಳುವ ಅಮ್ಮನಿಗಿಂತ ಆ ಕಾಗೆಯನ್ನು ನಾನು ಹೆಚ್ಚು ನಂಬುತ್ತೇನೆ.

ಹೆತ್ತವರ ಕಣ್ಣಿನಿಂದಲೇ ಕಥೆ ಹೇಳಬೇಕು ಎಂದಿದ್ದರೆ ಮನುಸ್ಮೃತಿಯ ಮೊದಲ ಅಧ್ಯಾಯದಲ್ಲಿ ಒಂದು ಲೆಕ್ಕವಿದೆ, ಅದು ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಮನುಷ್ಯರ ಒಂದು ತಿಂಗಳು ಪಿತೃಗಳಿಗೆ ಒಂದು ದಿನ. ಕೃಷ್ಣಪಕ್ಷ ಅವರ ಹಗಲು, ಶುಕ್ಲಪಕ್ಷ ಅವರು ನಿದ್ದೆ ಮಾಡುವ ರಾತ್ರಿ. ಹಾಗಾದರೆ ಮಕ್ಕಳ ಹತ್ತು ವರ್ಷ ಅವರಿಗೆ ನಾಲ್ಕು ತಿಂಗಳು ಮಾತ್ರ. ಬೆಳದಿಂಗಳು ಏರುತ್ತ ಹೋಗುವ ಹದಿನೈದು ದಿನ ಅವರು ಏನನ್ನೂ ನೋಡುವುದಿಲ್ಲ. ಮಗನ ನಿಶ್ಚಿತಾರ್ಥ ಶುಕ್ಲಪಕ್ಷದಲ್ಲಿ ನಡೆದರೆ ಅಮ್ಮ ಅದನ್ನು ಕಾಣಲಿಲ್ಲ. ಎದ್ದು ನೋಡಿದಾಗ ಮನೆಯಲ್ಲಿ ಯಾರೋ ಹೊಸ ಹುಡುಗಿ ಓಡಾಡುತ್ತಿದ್ದಾಳೆ, ತನ್ನ ಒಗ್ಗರಣೆ ಸೌಟು ಅವಳ ಕೈಯಲ್ಲಿದೆ. ಎಲ್ಲವನ್ನೂ ನೋಡಬಲ್ಲ ಆತ್ಮಕ್ಕಿಂತ ಅರ್ಧ ಮಾತ್ರ ಕಂಡು ಉಳಿದರ್ಧವನ್ನು ಊಹಿಸಿಕೊಳ್ಳುವ ಅಮ್ಮ ಎಷ್ಟೋ ಜೀವಂತ.

ಆಮೇಲೆ, ಮೂವರ ನಡುವಿನ ಜಗಳವನ್ನು ಬಿಟ್ಟು ಈ ಕಾದಂಬರಿ ಬರೆಯಬೇಡಿ. ಶಾಸ್ತ್ರೋಕ್ತವಾಗಿ ಶ್ರಾದ್ಧ ಮಾಡುವ ಮನೆತನಗಳಲ್ಲಿ ಅಣ್ಣತಮ್ಮಂದಿರು ಒಟ್ಟಿಗಿರುವವರೆಗೆ ಹಿರಿಯವನು ಮಾಡಿದರೆ ಸಾಕು. ಪಾಲಾದ ಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಮಾಡಬೇಕು. ಅಂದರೆ ಅದೇ ತಿಥಿಯ ದಿನ ಅದೇ ಅಪ್ಪ ಎರಡು ಮನೆಗೆ ಊಟಕ್ಕೆ ಹೋಗಬೇಕು. ಮೊದಲು ಯಾರ ಮನೆಗೆ ಹೋಗುತ್ತಾರೆ? ಎಲ್ಲಿ ಹೊಟ್ಟೆ ತುಂಬುತ್ತದೆ? ನಿಮ್ಮ ಅಪ್ಪನ ಪಾತ್ರವನ್ನು ಈ ಇಕ್ಕಟ್ಟಿನಲ್ಲಿ ನಿಲ್ಲಿಸಿ ನೋಡಿ.

ಕಾಗದಪತ್ರವೂ ಬರಲಿ. ನಮ್ಮ ಅಪ್ಪ ಹೋಗಿ ಆರು ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಇತ್ತು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಕೊಡಬೇಕಾಗಿ ವಂಶವೃಕ್ಷ ಮಾಡಿಸಿದೆವು. ಆ ಹಾಳೆಯಲ್ಲಿ ಅಪ್ಪ-ಅಮ್ಮನ ಹೆಸರಿನ ಕೆಳಗೆ ನಮ್ಮ ಮೂವರ ಹೆಸರು, ಪಕ್ಕಪಕ್ಕದಲ್ಲಿ. ಆ ಹೊತ್ತಿಗೆ ತಮ್ಮಂದಿರು ಮಾತು ಬಿಟ್ಟು ಒಂದು ವರ್ಷವಾಗಿತ್ತು. ಕಾಗದದ ಮೇಲೆ ಮಾತ್ರ ಇನ್ನೂ ಒಂದೇ ಮನೆಯವರಾಗಿದ್ದೆವು, ಮೇಲಿನ ಸಾಲಿನಿಂದ ಅವರಿಬ್ಬರೂ ನಮ್ಮನ್ನು ನೋಡುತ್ತಿದ್ದರು. ಕಚೇರಿಯ ಮೆಟ್ಟಿಲ ಮೇಲೆ ನಿಂತು ನಾನು ಅತ್ತೆ.

ಅಕ್ಕನನ್ನೋ ತಂಗಿಯನ್ನೋ ಬರೆಯುವಾಗ ಇಸವಿಯನ್ನು ಸರಿಯಾಗಿ ಇಟ್ಟುಕೊಳ್ಳಿ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ತಂದಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ನಿಮ್ಮ ಕಥೆಯ ಅಪ್ಪ ಯಾವ ವರ್ಷ ತೀರಿಕೊಂಡರು, ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಯಾವಾಗ ಸಹಿ ಹಾಕಿದಳು ಎಂಬುದರ ಮೇಲೆ ತಮ್ಮಂದಿರು ಅವಳೊಂದಿಗೆ ಆಡುವ ಮಾತಿನ ಧಾಟಿಯೇ ಬದಲಾಗುತ್ತದೆ.

ನಿಜ ಹೇಳಬೇಕೆಂದರೆ ಮೂವರಲ್ಲಿ ಮಗಳ ಕಣ್ಣೇ ಈ ಕಥೆಗೆ ಸರಿ. ಮದುವೆಯಾದವಳ ಮನೆಯಲ್ಲಿ ಎಡೆ ಇಡುವುದು ಗಂಡನ ಹಿರಿಯರಿಗೆ. ಅವಳ ಅಪ್ಪ-ಅಮ್ಮನನ್ನು ಕರೆಯುವ ಹಕ್ಕು ತವರಿನದು. ಅವರು ಅವಳನ್ನು ನೋಡುತ್ತಿರಬಹುದು, ಆದರೆ ಅವಳ ಹೊಸ್ತಿಲು ದಾಟಿ ಊಟಕ್ಕೆ ಕುಳಿತುಕೊಳ್ಳುವಂತಿಲ್ಲ. ಮೊದಲ ವರ್ಷ ನಾನು ಸುಮ್ಮನಿದ್ದೆ. ಮರುವರ್ಷ ಅತ್ತೆಯವರಿಗೆ ಎಡೆ ಇಟ್ಟ ಮೇಲೆ ಒಲೆಯ ಪಕ್ಕದಲ್ಲಿ ಒಂದು ಸಣ್ಣ ಬಾಳೆ ಎಲೆ ಹಾಕಿ ಎರಡು ಕಡುಬು ಇಟ್ಟೆ. ನನ್ನ ಗಂಡ ನೋಡಿದರು. ಏನೂ ಹೇಳದೆ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟರು.

ಒಂದು ಎಚ್ಚರಿಕೆಯ ಮಾತು: ಯಾವ ಮನೆಯ ಕಥೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ (ತೀರಿಹೋದವರ ಆತ್ಮಗಳಿಗೆ) ಬಡಿಸುವ ಮನೆ ಬೇರೆ, ವಡೆ-ಪಾಯಸದ ಶ್ರಾದ್ಧದ ಮನೆ ಬೇರೆ, ಮಹಾಲಯ ಅಮಾವಾಸ್ಯೆಗೆ ಮಾಂಸದ ಸಾರು, ಮುದ್ದೆ, ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು ಇಡುವ ನಮ್ಮಂಥ ಮನೆ ಬೇರೆ. ಮೂರನ್ನೂ ಬೆರೆಸಿದರೆ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ನಮ್ಮಲ್ಲಿ ಎಡೆ ಇಟ್ಟು, ಧೂಪ ಹಾಕಿ, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಊಟ ಮಾಡಲಿ ಎಂದು. ಹತ್ತು ನಿಮಿಷ ಯಾರೂ ಒಳಗೆ ಹೋಗುವಂತಿಲ್ಲ. ಅಮ್ಮ ಹೋದ ಮರುವರ್ಷ ಆ ಹತ್ತು ನಿಮಿಷ ನಾವು ಮೂವರು ಜಗಲಿಯ ಮೇಲೆ ಕುಳಿತಿದ್ದೆವು. ತಮ್ಮಂದಿರ ನಡುವೆ ನಾನು. ದೊಡ್ಡವನು ತೆಂಗಿನ ಮರ ನೋಡುತ್ತಿದ್ದ, ಚಿಕ್ಕವನು ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದ. ಒಳಗೆ ಲೋಟ ಉರುಳಿದ ಸದ್ದಾಯಿತು. ಮೂವರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು. ಹಿತ್ತಲ ಬಾಗಿಲು ತೆರೆದೇ ಇತ್ತು, ಮನೆಯಲ್ಲಿ ಬೆಕ್ಕಿದೆ ಎಂಬುದು ಮೂವರಿಗೂ ಗೊತ್ತಿತ್ತು.

"ಅಮ್ಮನಿಗೆ ಬಿಕ್ಕಳಿಕೆ ಬಂದಿರಬೇಕು. ಅವಳು ನೀರಿಲ್ಲದೆ ಮುದ್ದೆ ನುಂಗುತ್ತಿರಲಿಲ್ಲ," ಎಂದ ಚಿಕ್ಕವನು.

"ನೀರು ಪೂರ್ತಿ ಚೆಲ್ಲಿಹೋಯಿತೇನೋ," ಎಂದ ದೊಡ್ಡವನು. ಅಷ್ಟು ದಿನಗಳ ನಂತರ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

ಬೆಕ್ಕಿನ ಹೆಸರನ್ನು ಯಾರೂ ಎತ್ತಲಿಲ್ಲ. ಒಳಗೆ ಹೋಗಿ ನೀರು ತುಂಬಿಸಬೇಕು ಅನ್ನಿಸಿತು, ಹೋಗುವಂತಿರಲಿಲ್ಲ. ಇನ್ನೂ ಆರು ನಿಮಿಷ ಬಾಕಿಯಿತ್ತು.

ನಿಮ್ಮ ಮೂವರನ್ನೂ ಅಂಥ ಒಂದು ಜಗಲಿಯ ಮೇಲೆ ಕೂರಿಸಿ. ಬಾಗಿಲು ಮುಚ್ಚಿರಲಿ. ಒಳಗೆ ಯಾರಿದ್ದಾರೆ ಎಂದು ನೀವಾಗಿ ಹೇಳಬೇಡಿ. ಆ ಹತ್ತು ನಿಮಿಷಕ್ಕೆ ಇಡೀ ಅಧ್ಯಾಯವನ್ನೇ ಕೊಡಿ, ಬರೆದ ಮೇಲೆ ಸಾಧ್ಯವಾದರೆ ನನಗೂ ಓದಲು ಕಳುಹಿಸಿ.