ಫ್ಯಾನಿನ ಕಂಡೆನ್ಸರ್‌ಗೂ ಬೋಟಿನವರ ಕನ್ನಡಕಕ್ಕೂ ಒಂದೇ ಧ್ರುವೀಕರಣವೇ?

ಪ್ರಶ್ನೆ: ದ್ವಿತೀಯ ಪಿಯುಸಿಯ ಕೆಪಾಸಿಟರ್ ಪಾಠದಲ್ಲಿ ಧ್ರುವೀಕರಣ (ಪೋಲರೈಸೇಶನ್) ಬರುತ್ತದೆ. ಅಪ್ಪ ಬೋಟಿಗೆ ಹಾಕಿಕೊಂಡು ಹೋಗುವ ಕೂಲಿಂಗ್ ಗ್ಲಾಸಿನ ಮೇಲೂ ‘ಪೋಲರೈಸ್ಡ್’ ಎಂದಿದೆ. ಎರಡೂ ಒಂದೇನಾ? ನಮ್ಮ ಮನೆ ಫ್ಯಾನು ನಿಧಾನವಾಗಿದೆ, ಕಂಡೆನ್ಸರ್ ಹೋಗಿದೆ ಅನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?
– ವಿದ್ಯಾರ್ಥಿನಿ, ಬೈತಖೋಲ, ಕಾರವಾರ

ಉತ್ತರ: ಒಂದೇ ಅಲ್ಲ. ಕಂಡೆನ್ಸರ್‌ನಲ್ಲಿ (ಪಾಠದ ಕೆಪಾಸಿಟರೇ ಇದು) ಸರಿಯುವುದು ವಸ್ತುವಿನೊಳಗಿನ ವಿದ್ಯುತ್ ಆವೇಶ (ಚಾರ್ಜ್). ಕನ್ನಡಕದ ವಿಷಯ ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಎಂಬುದು.

ಫ್ಯಾನಿನ ಕಂಡೆನ್ಸರ್ ಒಳಗೆ ಲೋಹ ಲೇಪಿಸಿದ ಪಾಲಿಪ್ರೊಪಿಲೀನ್ ಹಾಳೆಯ ಸುರುಳಿ ಇರುತ್ತದೆ. ವೋಲ್ಟೇಜ್ ಕೊಟ್ಟಾಗ ಪ್ಲಾಸ್ಟಿಕ್‌ನ ಇಲೆಕ್ಟ್ರಾನುಗಳು ಹರಿಯುವುದಿಲ್ಲ, ಇದ್ದಲ್ಲೇ ಧನ ಆವೇಶದ ಲೋಹ ಲೇಪನದ ಕಡೆಗೆ ಒಂದಿಷ್ಟು ವಾಲುತ್ತವೆ. ಧ್ರುವೀಕರಣ ಎನ್ನುವ ಆ ವಾಲುವಿಕೆ ಅಣುವಿನ ಗಾತ್ರಕ್ಕಿಂತ ಎಷ್ಟೋ ಕಡಿಮೆ. ಆದರೂ ಹಾಳೆಯ ಎರಡು ಮುಖಗಳಲ್ಲಿ ವಿರುದ್ಧ ಆವೇಶ ಮೂಡಿ ಒಳಗಿನ ವಿದ್ಯುತ್ ಕ್ಷೇತ್ರ ತಗ್ಗುತ್ತದೆ. ಹಾಗಾಗಿ ಅದೇ ವೋಲ್ಟೇಜಿಗೆ ಹೆಚ್ಚು ಆವೇಶ ಹಿಡಿಸುತ್ತದೆ. ಪಾಲಿಪ್ರೊಪಿಲೀನ್‌ಗೆ ಎಷ್ಟು ಪಟ್ಟು ಹೆಚ್ಚು ಎಂಬ ಈ ಗುಣಾಂಕ ಸುಮಾರು 2.2. ಹಾಳೆಯ ಜಾಗದಲ್ಲಿ ಬರೀ ಗಾಳಿ ಇದ್ದಿದ್ದರೆ 2.5 ಮೈಕ್ರೋಫ್ಯಾರಡ್ (ಆವೇಶ ಹಿಡಿಸುವ ಸಾಮರ್ಥ್ಯದ ಅಳತೆ) ಕಂಡೆನ್ಸರ್ ಸುಮಾರು 1.1ಕ್ಕೆ ಇಳಿಯುತ್ತಿತ್ತು. ನೀರಿಗೆ ಇದು 80ರ ಹತ್ತಿರ, ಏಕೆಂದರೆ ಅದರ ಅಣುಗಳು ಹುಟ್ಟಾ ದ್ವಿಧ್ರುವಿಗಳು, ಅಂದರೆ ಒಂದು ತುದಿ ಧನ, ಇನ್ನೊಂದು ಋಣ. ಕ್ಷೇತ್ರ ಬಂದರೆ ಇಡೀ ಅಣುವೇ ತಿರುಗುತ್ತದೆ.

ಫ್ಯಾನು ನಿಧಾನವಾಗುವುದು ಧ್ರುವೀಕರಣ ಸೋತದ್ದರಿಂದಲ್ಲ. ಹಾಳೆಯ ದುರ್ಬಲ ಜಾಗ ತೂತಾದಾಗಲೆಲ್ಲ ಸುತ್ತಲಿನ ಲೋಹ ಆವಿಯಾಗಿ ಶಾರ್ಟ್ ತಪ್ಪುತ್ತದೆ. ಆದರೆ ಅಷ್ಟು ವಿಸ್ತೀರ್ಣ ಹೋಯಿತು, ಮೈಕ್ರೋಫ್ಯಾರಡ್ ಇಳಿದು ಫ್ಯಾನು ನಿಧಾನವಾಗುತ್ತದೆ. ಮುಚ್ಚಳ ಬಿರುಕು ಬಿಟ್ಟರೆ ನಮ್ಮ ಕರಾವಳಿಯ ತೇವ ಒಳಸೇರಿ ಲೇಪನವನ್ನು ತಿನ್ನುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಎರಡು ತುದಿಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಿಡಿದು ಆವೇಶ ಇಳಿಸಿ, ವೈರು ಬಿಚ್ಚಿದ ಮೇಲಷ್ಟೇ ಮಲ್ಟಿಮೀಟರಿನಲ್ಲಿ ಅಳೆಯಿರಿ. 2.5 ಎಂದು ಬರೆದದ್ದು 2ಕ್ಕಿಂತ ಕೆಳಗೆ ತೋರಿದರೆ ಬದಲಿಸಿ. ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಬೇಡ. ಚಾರ್ಜರುಗಳೊಳಗಿನ ಇಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇಲ್ಲಿ ನಡೆಯದು: ಅದಕ್ಕೆ ಪ್ಲಸ್–ಮೈನಸ್ ನಿಗದಿ, ದಿಕ್ಕು ಬದಲಾಗುತ್ತಲೇ ಇರುವ ಮನೆಯ ಎಸಿ ಕರೆಂಟು ಕೊಟ್ಟರೆ ಅನಿಲ ತುಂಬಿ ಉಬ್ಬಿ ಒಡೆಯುತ್ತದೆ.



ಇನ್ನು ಕನ್ನಡಕ. ಬಿಸಿಲಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಮೇಲಿದ್ದಾಗ ಶಾಂತ ನೀರಿನಿಂದ ಪ್ರತಿಫಲಿಸಿದ ಬೆಳಕು ಹೆಚ್ಚುಕಡಿಮೆ ಪೂರ್ತಿ ಅಡ್ಡಡ್ಡವೇ ಕಂಪಿಸುತ್ತದೆ. ಕನ್ನಡಕ ಅದನ್ನು ತಡೆದು ಲಂಬ ಕಂಪನವನ್ನಷ್ಟೇ ಬಿಡುವುದರಿಂದ ನೀರಿನ ಝಳಪು ಅಡಗುತ್ತದೆ. ಅಸಲಿಯೋ ಎಂದು ನೋಡಬೇಕೇ? ಮೊಬೈಲ್ ಅಥವಾ ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ಅರ್ಧ ಸುತ್ತು ತಿರುಗಿಸಿ. ಪರದೆಯ ಬೆಳಕೂ ಒಂದೇ ದಿಕ್ಕಿಗೆ ಕಂಪಿಸುವುದರಿಂದ ಎಲ್ಲೋ ಒಂದು ಕಡೆ ಪರದೆ ಕಪ್ಪಾಗಬೇಕು. (ಕೆಲವು ಮೊಬೈಲ್ ಪರದೆಗಳಲ್ಲಿ ಇದು ಕಾಣದು, ಇನ್ನೊಂದರಲ್ಲೂ ನೋಡಿ.) ಇದೇ ಕಾರಣಕ್ಕೆ ಬೋಟಿನ ಜಿಪಿಎಸ್ ಪರದೆ ಒಮ್ಮೊಮ್ಮೆ ಕಾಣದಂತಾಗುತ್ತದೆ. ಪರದೆ ಕೆಟ್ಟಿದೆ ಎಂದು ರಿಪೇರಿಗೆ ಕೊಡುವ ಮೊದಲು ಕನ್ನಡಕ ತೆಗೆದು ನೋಡಲು ಅಪ್ಪನಿಗೆ ಹೇಳಿ.